ಸಾಂಬಾ ಮತ್ತು ಕಪ್ಸ್ ಸರ್ವರ್‌ನಲ್ಲಿ ದೋಷ ಹುಡುಕುವ ಕ್ರಮ: ಕಡತ ತೆರೆಯದಿದ್ದಾಗ, ಪ್ರಿಂಟ್ ಬಾರದಿದ್ದಾಗ

ಸಣ್ಣ ಕಚೇರಿ, ಶಾಲೆ ಅಥವಾ ಡಿಟಿಪಿ ಕೇಂದ್ರದಲ್ಲಿ ಲಿನಕ್ಸ್ ಸರ್ವರ್ ಮಾಡುವ ಕೆಲಸ ಸಾಮಾನ್ಯವಾಗಿ ಎರಡೇ. ಎಲ್ಲರ ಕಡತಗಳನ್ನೂ ಒಂದೆಡೆ ಇಟ್ಟು ವಿಂಡೋಸ್ ಕಂಪ್ಯೂಟರ್‌ಗಳಿಗೆ ಒದಗಿಸುವುದು ಒಂದು; ಇರುವ ಒಂದೋ ಎರಡೋ ಪ್ರಿಂಟರ್‌ಗಳನ್ನು ಎಲ್ಲರೂ ಬಳಸುವಂತೆ ಮಾಡುವುದು ಇನ್ನೊಂದು. ಮೊದಲನೆಯದನ್ನು ಸಾಂಬಾ ನೋಡಿಕೊಂಡರೆ ಎರಡನೆಯದನ್ನು ಕಪ್ಸ್ ನೋಡಿಕೊಳ್ಳುತ್ತದೆ. ಇವೆರಡನ್ನೂ ಸ್ಥಾಪಿಸುವುದು ಹೇಗೆಂದು ತಿಳಿಸುವ ಬರಹಗಳು ಸಾಕಷ್ಟಿವೆ. ಸ್ಥಾಪಿಸಿ, ಆರು ತಿಂಗಳು ಚೆನ್ನಾಗಿ ನಡೆದು, ಒಂದು ಬೆಳಿಗ್ಗೆ ‘ಫೋಲ್ಡರ್ ತೆರೆಯುತ್ತಿಲ್ಲ’ ಎಂಬ ಕರೆ ಬಂದಾಗ ಎಲ್ಲಿಂದ ಹುಡುಕಲು ತೊಡಗಬೇಕು ಎಂಬುದಷ್ಟೇ ಈ ಕೈಪಿಡಿಯ ವಿಷಯ.

ಇಲ್ಲಿ ಡೆಬಿಯನ್ 12 ಸರ್ವರ್, ವಿಂಡೋಸ್ 10 ಹಾಗೂ 11 ಇರುವ ಕಂಪ್ಯೂಟರ್‌ಗಳು ಮತ್ತು ಡೊಮೇನ್ (ಎಲ್ಲ ಖಾತೆಗಳನ್ನೂ ಒಂದೆಡೆಯಿಂದ ನಿರ್ವಹಿಸುವ ವ್ಯವಸ್ಥೆ) ಇಲ್ಲದ ಸರಳ ಜಾಲವನ್ನು ಮನಸ್ಸಿನಲ್ಲಿಟ್ಟುಕೊಳ್ಳಲಾಗಿದೆ. ಉಬುಂಟುವಿಗೂ ಇದು ಬಹುಮಟ್ಟಿಗೆ ಹೊಂದುತ್ತದೆ. ಫೆಡೋರಾ ಮತ್ತು ರೆಡ್ ಹ್ಯಾಟ್ ಬಳಗದಲ್ಲಿ ಬೇರೆಯಾಗುವ ಕಡೆ ಆಯಾ ಜಾಗದಲ್ಲೇ ಹೇಳಲಾಗಿದೆ. ಆದೇಶಗಳ ಹೆಸರುಗಳನ್ನು ಉಚ್ಚಾರಣೆಯಂತೆ ಕನ್ನಡದಲ್ಲಿ ಬರೆದಿದ್ದು, ಟರ್ಮಿನಲ್‌ನಲ್ಲಿ ಅವುಗಳನ್ನು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಟೈಪ್ ಮಾಡಬೇಕು.

ಮೊದಲು ಒಂದು ಎಚ್ಚರಿಕೆ. ದೂರು ಬಂದ ಕೂಡಲೇ ‘/ಇಟಿಸಿ/ಸಾಂಬಾ/ಎಸ್ಎಂಬಿ.ಕಾನ್ಫ್’ ಎಂಬ ಸಾಂಬಾದ ಸಂರಚನಾ (ಸೆಟ್ಟಿಂಗ್) ಕಡತವನ್ನು ತೆರೆದು, ಎಲ್ಲೋ ಕಂಡ ಹತ್ತು ಸಾಲುಗಳನ್ನು ಅದಕ್ಕೆ ಅಂಟಿಸುವ ಅಭ್ಯಾಸ ಬಹಳ ಜನರಲ್ಲಿದೆ. ನಿನ್ನೆಯವರೆಗೆ ಕೆಲಸ ಮಾಡುತ್ತಿದ್ದ ಸರ್ವರ್ ಇಂದು ಕೈಕೊಟ್ಟಿದ್ದರೆ, ಯಾರೂ ಮುಟ್ಟದ ಆ ಕಡತದಲ್ಲಿ ದೋಷ ಹುಟ್ಟಿಕೊಂಡಿರುವ ಸಾಧ್ಯತೆ ತೀರ ಕಡಿಮೆ. ಬದಲಾಗಿರುವುದು ಡಿಸ್ಕ್, ಐಪಿ ವಿಳಾಸ, ಕಡತಗಳ ಅನುಮತಿ ಅಥವಾ ವಿಂಡೋಸ್‌ನ ಅಪ್‌ಡೇಟ್ ಆಗಿರುತ್ತದೆ. ಆದ್ದರಿಂದ ದೋಷ ಯಾವ ಹಂತದಲ್ಲಿದೆ ಎಂಬುದು ಖಚಿತವಾಗುವವರೆಗೆ ಆ ಕಡತವನ್ನು ಓದಬಹುದೇ ಹೊರತು ತಿದ್ದಬಾರದು. ತಿದ್ದಲೇಬೇಕಾಗಿ ಬಂದರೆ ಮೊದಲು ಒಂದು ಪ್ರತಿ ಮಾಡಿಟ್ಟುಕೊಂಡು, ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ ಪರೀಕ್ಷಿಸಬೇಕು.

ಸರ್ವರ್‌ನ ಮುಂದೆಯೇ ಕುಳಿತು ಮಾಡುವ ಪರೀಕ್ಷೆ

ಜಾಲವನ್ನೂ ವಿಂಡೋಸನ್ನೂ ಬದಿಗಿಟ್ಟು, ಸರ್ವರ್ ತನ್ನೊಳಗೆ ತಾನು ಸರಿಯಾಗಿದೆಯೇ ಎಂದು ನೋಡುವುದು ಮೊದಲ ಹೆಜ್ಜೆ. ‘ಸಿಸ್ಟಮ್‌ಸಿಟಿಎಲ್ ಸ್ಟೇಟಸ್ ಎಸ್ಎಂಬಿಡಿ’ ಎಂದು ಕೇಳಿದರೆ ಸೇವೆ ನಡೆಯುತ್ತಿದೆಯೋ ಇಲ್ಲವೋ ತಿಳಿಯುತ್ತದೆ; ಫೆಡೋರಾ ಬಳಗದಲ್ಲಿ ಇದೇ ಸೇವೆಯ ಹೆಸರು ಕೊನೆಯ ‘ಡಿ’ ಇಲ್ಲದೆ ಬರೀ ‘ಎಸ್ಎಂಬಿ’ ಎಂದಿರುತ್ತದೆ. ಬಳಿಕ ‘ಟೆಸ್ಟ್‌ಪಾರ್ಮ್’ ಆದೇಶವನ್ನು ಓಡಿಸಬೇಕು. ಸಂರಚನಾ ಕಡತದಲ್ಲಿ ಕಾಗುಣಿತ ತಪ್ಪಿದ ಸಾಲಿದ್ದರೆ ಸಾಂಬಾ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಸುಮ್ಮನೆ ಮುಂದೆ ಹೋಗಿಬಿಡುತ್ತದೆ, ಸೇವೆಯೂ ನಿಲ್ಲುವುದಿಲ್ಲ. ಅಂಥ ಸಾಲನ್ನು ‘ಗೊತ್ತಿಲ್ಲದ ನಿಯತಾಂಕ’ ಎಂದು ಟೆಸ್ಟ್‌ಪಾರ್ಮ್ ಕಣ್ಣೆದುರೇ ಎತ್ತಿ ತೋರಿಸುತ್ತದೆ.

ಮೂರನೆಯದು ಈ ಇಡೀ ಕೈಪಿಡಿಯಲ್ಲೇ ಹೆಚ್ಚು ಉಪಯೋಗಕ್ಕೆ ಬರುವ ಪರೀಕ್ಷೆ. ‘ಎಸ್ಎಂಬಿಕ್ಲೈಂಟ್’ ಎಂಬ ಉಪಕರಣದಿಂದ ಸರ್ವರ್‌ನಲ್ಲೇ ಕುಳಿತು, ‘ಲೋಕಲ್‌ಹೋಸ್ಟ್’ ಎಂಬ ವಿಳಾಸಕ್ಕೆ, ದೂರು ಕೊಟ್ಟ ಬಳಕೆದಾರರ ಹೆಸರಿನಲ್ಲೇ ಪ್ರವೇಶಿಸಿ ನೋಡಬೇಕು. ದೊಡ್ಡಕ್ಷರದ ‘ಎಲ್’ ಆಯ್ಕೆ ಕೊಟ್ಟರೆ ಹಂಚಿಕೆಗಳ (ಜಾಲದಲ್ಲಿ ಬಳಸಲು ಸಾಂಬಾ ತೆರೆದಿಟ್ಟ ಫೋಲ್ಡರ್‌ಗಳ) ಪಟ್ಟಿ ಬರುತ್ತದೆ. ಹಂಚಿಕೆಯ ಹೆಸರನ್ನೇ ಕೊಟ್ಟರೆ ಅದರೊಳಗೆ ಹೋಗಿ ‘ಎಲ್ಎಸ್’ ಮತ್ತು ‘ಪುಟ್’ ಮೂಲಕ ಓದಿ ಬರೆದು ನೋಡಬಹುದು. ಇಲ್ಲಿ ಓದುವುದೂ ಬರೆಯುವುದೂ ಎರಡೂ ಆದರೆ ಸಾಂಬಾ, ಪಾಸ್‌ವರ್ಡ್, ಅನುಮತಿ ಮೂರೂ ಸರಿಯಾಗಿವೆ, ದೋಷ ಜಾಲದಲ್ಲೋ ವಿಂಡೋಸ್‌ನಲ್ಲೋ ಇದೆ ಎಂದರ್ಥ. ಇಲ್ಲೇ ಸೋತರೆ ವಿಂಡೋಸ್ ಕಂಪ್ಯೂಟರ್‌ಗಳ ಬಳಿಗೆ ಹೋಗುವ ಅಗತ್ಯವೇ ಇಲ್ಲ.

ಸೋತಾಗ ಬರುವ ಸಂದೇಶವನ್ನು ಅಕ್ಷರಶಃ ಬರೆದಿಟ್ಟುಕೊಳ್ಳಬೇಕು, ಏಕೆಂದರೆ ಪ್ರತಿಯೊಂದೂ ಬೇರೆ ಬೇರೆ ಹಂತವನ್ನು ತೋರಿಸುತ್ತದೆ. ‘ಕನೆಕ್ಷನ್ ರೆಫ್ಯೂಸ್ಡ್’ ಎಂದರೆ ಸೇವೆ ನಡೆಯುತ್ತಿಲ್ಲ ಅಥವಾ ಆ ವಿಳಾಸದಲ್ಲಿ ಕೇಳಿಸಿಕೊಳ್ಳುತ್ತಿಲ್ಲ. ‘ಲಾಗಾನ್ ಫೇಲ್ಯೂರ್’ ಎಂದರೆ ಹೆಸರು ಅಥವಾ ಪಾಸ್‌ವರ್ಡ್ ತಪ್ಪು. ‘ಆಕ್ಸೆಸ್ ಡಿನೈಡ್’ ಎಂದರೆ ಬಾಗಿಲು ದಾಟಿ ಬಂದಾಗಿದೆ, ಆದರೆ ಈ ಹಂಚಿಕೆಗೆ ಅಥವಾ ಫೋಲ್ಡರಿಗೆ ಅನುಮತಿ ಇಲ್ಲ. ‘ಬ್ಯಾಡ್ ನೆಟ್‌ವರ್ಕ್ ನೇಮ್’ ಎಂಬುದು ಹೆಸರಿನಿಂದ ದಾರಿ ತಪ್ಪಿಸುತ್ತದೆ. ಜಾಲಕ್ಕೂ ಅದಕ್ಕೂ ಸಂಬಂಧವಿಲ್ಲ. ಆ ಹೆಸರಿನ ಹಂಚಿಕೆಯೇ ಇಲ್ಲ, ಅಥವಾ ಹಂಚಿಕೆ ಇದ್ದರೂ ಅದು ಸೂಚಿಸುವ ಫೋಲ್ಡರ್ ಡಿಸ್ಕಿನಲ್ಲಿ ಇಲ್ಲ ಎಂಬುದು ಅದರ ಅರ್ಥ.

ಇದಕ್ಕೆ ಹತ್ತಿರದ ಇನ್ನೊಂದು ದೋಷ ಇನ್ನೂ ಅಪಾಯಕಾರಿ. ಕಡತಗಳಿರುವುದು ಎರಡನೆಯ ಡಿಸ್ಕಿನಲ್ಲಿ, ಅದನ್ನು ಮೌಂಟ್ ಮಾಡಿರುವುದು (ಫೋಲ್ಡರ್ ಹಾದಿಗೆ ಜೋಡಿಸಿರುವುದು) ‘/ಎಸ್ಆರ್‌ವಿ/ಡೇಟಾ’ ಎಂಬಲ್ಲಿ ಎಂದಿಟ್ಟುಕೊಳ್ಳೋಣ. ಕರೆಂಟು ಹೋಗಿ ಬಂದು ಸರ್ವರ್ ಮತ್ತೆ ಏಳುವಾಗ ಆ ಡಿಸ್ಕ್ ಮೌಂಟ್ ಆಗದೆ ಉಳಿದರೆ ಸಾಂಬಾ ಯಾವ ತಕರಾರನ್ನೂ ಮಾಡುವುದಿಲ್ಲ, ಏಕೆಂದರೆ ಖಾಲಿ ಫೋಲ್ಡರ್ ಅಲ್ಲಿ ಇದ್ದೇ ಇದೆ. ಬಳಕೆದಾರರಿಗೆ ಫೋಲ್ಡರ್ ಬರಿದಾಗಿ ಕಾಣುತ್ತದೆ. ಕೆಲವರು ಗಾಬರಿಯಾಗಿ ಹಳೆಯ ಕಡತಗಳನ್ನು ಮತ್ತೆ ಅಲ್ಲಿಗೇ ತುಂಬುತ್ತಾರೆ. ಅವೆಲ್ಲ ಲಿನಕ್ಸ್ ಇರುವ ಮೊದಲ ಡಿಸ್ಕಿಗೆ ಹೋಗಿ ಕುಳಿತು, ಮುಂದೆ ಸರಿಯಾದ ಡಿಸ್ಕ್ ಮೌಂಟ್ ಆದಾಗ ಅದರ ಅಡಿಯಲ್ಲಿ ಮರೆಯಾಗಿಬಿಡುತ್ತವೆ. ಆದ್ದರಿಂದ ‘ಎಲ್ಲ ಕಡತಗಳೂ ಅಳಿಸಿಹೋಗಿವೆ’ ಎಂಬ ದೂರು ಬಂದರೆ ಮೊದಲು ಎಲ್ಲರಿಗೂ ಕೆಲಸ ನಿಲ್ಲಿಸಲು ಹೇಳಿ, ‘ಫೈಂಡ್‌ಎಂಎನ್‌ಟಿ’ ಮತ್ತು ‘ಡಿಎಫ್’ ಆದೇಶಗಳಿಂದ ಮೌಂಟ್ ಸ್ಥಿತಿಯನ್ನು ನೋಡಬೇಕು. ‘ಎಫ್ಎಸ್‌ಟ್ಯಾಬ್’ ಕಡತದಲ್ಲಿ (ಯಾವ ಡಿಸ್ಕ್ ಎಲ್ಲಿ ಮೌಂಟ್ ಆಗಬೇಕೆಂದು ಬರೆದಿರುವ ಪಟ್ಟಿ) ಡಿಸ್ಕನ್ನು ‘ಎಸ್‌ಡಿಬಿ1’ ಎಂಬಂಥ ಹೆಸರಿನಿಂದ ಬರೆದಿದ್ದರೆ ಅದನ್ನು ಯುಯುಐಡಿಗೆ (ಡಿಸ್ಕಿನ ಬದಲಾಗದ ಗುರುತು ಸಂಖ್ಯೆ) ಬದಲಿಸಬೇಕು. ಇನ್ನೊಂದು ಯುಎಸ್‌ಬಿ ಡಿಸ್ಕ್ ಸಿಕ್ಕಿಸಿದ ಮಾತ್ರಕ್ಕೆ ಆ ಹೆಸರುಗಳು ಅದಲುಬದಲಾಗುವುದುಂಟು. ಇದೇ ಹೊತ್ತಿಗೆ ಡಿಸ್ಕ್ ತುಂಬಿದೆಯೇ ಎಂಬುದನ್ನೂ ನೋಡಿಕೊಳ್ಳಬಹುದು. ಜಾಗ ಇದ್ದೂ ಹೊಸ ಕಡತ ಸೃಷ್ಟಿಯಾಗದಿದ್ದರೆ ‘ಡಿಎಫ್’ಗೆ ‘ಐ’ ಆಯ್ಕೆ ಕೊಟ್ಟು ಐನೋಡ್‌ಗಳು (ಪ್ರತಿ ಕಡತಕ್ಕೂ ಒಂದರಂತೆ ಬೇಕಾದ ದಾಖಲೆಗಳು) ಉಳಿದಿವೆಯೇ ಎಂದು ತಿಳಿಯಬೇಕು.

ಜಾಲದ ಹಂತ

ಸರ್ವರ್‌ನೊಳಗಿನ ಪರೀಕ್ಷೆ ಗೆದ್ದು ಹೊರಗಿನಿಂದ ಮಾತ್ರ ಸೋಲುತ್ತಿದ್ದರೆ, ವಿಂಡೋಸ್‌ನ ರನ್ ಪೆಟ್ಟಿಗೆಯಲ್ಲಿ ಸರ್ವರ್‌ನ ಹೆಸರಿಗೆ ಬದಲು ಅದರ ಐಪಿ ವಿಳಾಸವನ್ನು ಎರಡು ಹಿಂಬದಿ ಗೀಟುಗಳ (\\) ನಂತರ ಬರೆದು ತೆರೆಯಬೇಕು. ವಿಳಾಸದಿಂದ ತೆರೆದರೆ ದೋಷ ಇರುವುದು ಹೆಸರು ಹುಡುಕುವ ವ್ಯವಸ್ಥೆಯಲ್ಲಿ. ವಿಳಾಸದಿಂದಲೂ ತೆರೆಯದೆ 0x80070035 ಎಂಬ ಸಂಖ್ಯೆ ಬಂದರೆ ಟಿಸಿಪಿ 445ನೇ ಪೋರ್ಟ್ ಮುಚ್ಚಿದೆಯೇ ಎಂದು ನೋಡಬೇಕು. ಪವರ್‌ಶೆಲ್‌ನ ‘ಟೆಸ್ಟ್-ನೆಟ್‌ಕನೆಕ್ಷನ್’ ಆದೇಶಕ್ಕೆ ಸರ್ವರ್‌ನ ವಿಳಾಸವನ್ನೂ ಪೋರ್ಟ್ ಸಂಖ್ಯೆಯನ್ನೂ ಕೊಟ್ಟರೆ ಇದು ಕ್ಷಣದಲ್ಲಿ ತಿಳಿಯುತ್ತದೆ. ಸರ್ವರ್ ಕಡೆಯಲ್ಲಿ ‘ಯುಎಫ್‌ಡಬ್ಲ್ಯು’ ಅಥವಾ ‘ಫೈರ್‌ವಾಲ್‌ಡಿ’ ಎಂಬ ಫೈರ್‌ವಾಲ್ (ಪೋರ್ಟ್‌ಗಳ ಕಾವಲು) ನಡೆಯುತ್ತಿದ್ದರೆ ಸಾಂಬಾ ಸೇವೆಗೆ ಅನುಮತಿ ಕೊಡಬೇಕು. ಫೈರ್‌ವಾಲ್‌ಡಿಯಲ್ಲಿ ಶಾಶ್ವತ ನಿಯಮ ಸೇರಿಸಿದ ಮೇಲೆ ಮರುಲೋಡ್ ಮಾಡದಿದ್ದರೆ ಅದು ಜಾರಿಗೆ ಬರುವುದಿಲ್ಲ.

‘ಎಕ್ಸ್‌ಪ್ಲೋರರ್‌ನ ನೆಟ್‌ವರ್ಕ್ ವಿಭಾಗದಲ್ಲಿ ಸರ್ವರ್ ಕಾಣುವುದೇ ಇಲ್ಲ’ ಎಂಬ ದೂರು ಬೇರೆಯದೇ ಜಾತಿಯದು. ಹಿಂದೆ ಆ ಪಟ್ಟಿಯನ್ನು ತುಂಬುತ್ತಿದ್ದದ್ದು ನೆಟ್‌ಬಯಾಸ್ ಎಂಬ ಹಳೆಯ ಹೆಸರು ಹುಡುಕುವ ವಿಧಾನ ಮತ್ತು ವಿಂಡೋಸ್ ಕಡತ ಹಂಚಿಕೆಯ ನಿಯಮಾವಳಿಯಾದ ಎಸ್ಎಂಬಿಯ ಒಂದನೇ ಆವೃತ್ತಿ. 2017ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬ ಹಣ ಸುಲಿಯುವ ಕುತಂತ್ರಾಂಶ ಹರಡಿದ್ದು ವಿಂಡೋಸ್‌ನ ಎಸ್ಎಂಬಿ ಒಂದನೇ ಆವೃತ್ತಿಯ ದೋಷವೊಂದರ ಮೂಲಕ. ಈಗ ವಿಂಡೋಸ್ ಅದನ್ನು ತಾನಾಗಿ ಸ್ಥಾಪಿಸುವುದಿಲ್ಲ, ಸಾಂಬಾ ಕೂಡ 2019ರ 4.11ನೇ ಆವೃತ್ತಿಯಿಂದ ಅದನ್ನು ಪೂರ್ವನಿಯೋಜಿತವಾಗಿ ಮುಚ್ಚಿದೆ. ಹೊಸ ವಿಂಡೋಸ್ ಬಳಸುವ ಡಬ್ಲ್ಯುಎಸ್-ಡಿಸ್ಕವರಿ ವಿಧಾನ ಸಾಂಬಾದೊಳಗೆ ಇಲ್ಲ. ‘ಡಬ್ಲ್ಯುಎಸ್‌ಡಿಡಿ’ ಎಂಬ ಸಣ್ಣ ಪ್ಯಾಕೇಜನ್ನು ಪ್ರತ್ಯೇಕವಾಗಿ ಹಾಕಿ, ಯುಡಿಪಿ 3702 ಮತ್ತು ಟಿಸಿಪಿ 5357 ಪೋರ್ಟ್‌ಗಳನ್ನು ತೆರೆದರೆ ಸರ್ವರ್ ಪಟ್ಟಿಯಲ್ಲಿ ಕಾಣಿಸಿಕೊಳ್ಳುತ್ತದೆ. ಆದರೂ ನನ್ನ ಸಲಹೆಯೆಂದರೆ ಈ ಪಟ್ಟಿಯನ್ನು ನಂಬಿಕೊಳ್ಳದೆ, ಸರ್ವರ್‌ಗೆ ಸ್ಥಿರ ವಿಳಾಸ ಕೊಟ್ಟು, ಪ್ರತಿ ಕಂಪ್ಯೂಟರ್‌ನಲ್ಲೂ ಹಂಚಿಕೆಯನ್ನು ಡ್ರೈವ್ ಅಕ್ಷರಕ್ಕೆ ಮ್ಯಾಪ್ ಮಾಡಿಬಿಡುವುದು.

ಹಳೆಯ ಜೆರಾಕ್ಸ್-ಸ್ಕ್ಯಾನರ್ ಯಂತ್ರಗಳು ಸ್ಕ್ಯಾನ್ ಮಾಡಿದ್ದನ್ನು ನೇರವಾಗಿ ಸರ್ವರ್‌ನ ಫೋಲ್ಡರಿಗೆ ಕಳಿಸುತ್ತಿದ್ದು, ಸರ್ವರ್‌ನ ಮೇಲ್ದರ್ಜೆಯ ನಂತರ ಅವು ಮಾತ್ರ ನಿಂತುಹೋಗಿದ್ದರೆ ಕಾರಣ ಇದೇ: ಅವುಗಳಿಗೆ ಗೊತ್ತಿರುವುದು ಒಂದನೇ ಆವೃತ್ತಿ ಮಾತ್ರ. ‘ಸರ್ವರ್ ಮಿನ್ ಪ್ರೋಟೋಕಾಲ್’ ಅನ್ನು ‘ಎನ್‌ಟಿ1’ಕ್ಕೆ ಇಳಿಸಿದರೆ ಅವು ಮತ್ತೆ ಕೆಲಸ ಮಾಡಬಹುದು, ಆದರೆ ಒಂದು ಸ್ಕ್ಯಾನರ್‌ಗಾಗಿ ಇಡೀ ಕಚೇರಿಯ ಬಾಗಿಲನ್ನು ತೆರೆದಿಟ್ಟಂತಾಗುತ್ತದೆ. ಆ ಯಂತ್ರದಲ್ಲಿ ಎಫ್‌ಟಿಪಿ ಅಥವಾ ಇಮೇಲ್ ಮೂಲಕ ಕಳಿಸುವ ಆಯ್ಕೆ ಬಹುತೇಕ ಇದ್ದೇ ಇರುತ್ತದೆ. ಅದನ್ನು ಬಳಸುವುದೇ ಲೇಸು.

ಹೆಸರು ಮತ್ತು ಪಾಸ್‌ವರ್ಡ್

ಸಾಂಬಾ ತನ್ನದೇ ಪಾಸ್‌ವರ್ಡ್ ಸಂಗ್ರಹವನ್ನು ಇಟ್ಟುಕೊಳ್ಳುತ್ತದೆ. ಲಿನಕ್ಸ್‌ನ ‘ಪಾಸ್‌ಡಬ್ಲ್ಯುಡಿ’ ಆದೇಶದಿಂದ ಪಾಸ್‌ವರ್ಡ್ ಬದಲಿಸಿದ ಮಾತ್ರಕ್ಕೆ ಸಾಂಬಾದ ಪಾಸ್‌ವರ್ಡ್ ಬದಲಾಗುವುದಿಲ್ಲ. ‘ಪಿಡಿಬಿಎಡಿಟ್’ ಆದೇಶಕ್ಕೆ ದೊಡ್ಡಕ್ಷರದ ‘ಎಲ್’ ಆಯ್ಕೆ ಕೊಟ್ಟು ಆ ಬಳಕೆದಾರರು ಸಾಂಬಾದ ಪಟ್ಟಿಯಲ್ಲಿ ಇದ್ದಾರೆಯೇ ಎಂದು ನೋಡಿ, ಇಲ್ಲದಿದ್ದರೆ ‘ಎಸ್ಎಂಬಿಪಾಸ್‌ಡಬ್ಲ್ಯುಡಿ’ಗೆ ‘ಎ’ ಆಯ್ಕೆ ಕೊಟ್ಟು ಸೇರಿಸಬೇಕು. ಖಾತೆ ಇದ್ದೂ ನಿಷ್ಕ್ರಿಯವಾಗಿದ್ದರೆ ಅದೇ ಆದೇಶದ ‘ಇ’ ಆಯ್ಕೆ ಅದನ್ನು ಮತ್ತೆ ಸಕ್ರಿಯಗೊಳಿಸುತ್ತದೆ.

ಇಲ್ಲಿಯವರೆಗಿನದು ನೇರ. ಗೊಂದಲ ಹುಟ್ಟಿಸುವುದು ‘ಮ್ಯಾಪ್ ಟು ಗೆಸ್ಟ್’ ಎಂಬ ಸಾಲು. ಡೆಬಿಯನ್ ಜೊತೆಗೆ ಬರುವ ಸಂರಚನಾ ಕಡತದಲ್ಲಿ ಅದರ ಬೆಲೆ ‘ಬ್ಯಾಡ್ ಯೂಸರ್’ ಎಂದಿರುತ್ತದೆ. ಅದರ ಪರಿಣಾಮ ಹೀಗೆ: ಹೆಸರು ಸರಿಯಿದ್ದು ಪಾಸ್‌ವರ್ಡ್ ತಪ್ಪಾದರೆ ಸಾಂಬಾ ನಿರಾಕರಿಸುತ್ತದೆ, ಹೆಸರೇ ಗೊತ್ತಿಲ್ಲದ್ದಾದರೆ ಮಾತ್ರ ನಿರಾಕರಿಸದೆ, ಬಂದವರನ್ನು ಅತಿಥಿಯೆಂದು ಒಳಗೆ ಬಿಡುತ್ತದೆ. ಈಗ ವಿಂಡೋಸ್ 11ರಲ್ಲಿ ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆಗಿರುವವರು ಸರ್ವರ್ ತೆರೆಯುತ್ತಾರೆ ಎಂದುಕೊಳ್ಳಿ. ವಿಂಡೋಸ್ ಅವರನ್ನು ಕೇಳದೆಯೇ ಮೊದಲು ಆ ಖಾತೆಯ ಇಮೇಲ್ ವಿಳಾಸವನ್ನೇ ಹೆಸರಾಗಿ ಕಳಿಸುತ್ತದೆ. ಸಾಂಬಾಗೆ ಅಂಥ ಬಳಕೆದಾರರು ಗೊತ್ತಿಲ್ಲ. ಅದು ಅತಿಥಿಯೆಂದು ಒಪ್ಪಿಕೊಳ್ಳುತ್ತದೆ. ಅತಿಥಿ ಪ್ರವೇಶವನ್ನು ವಿಂಡೋಸ್ ತಾನೇ ಒಪ್ಪುವುದಿಲ್ಲ. ಎಂಟರ್‌ಪ್ರೈಸ್ ಮತ್ತು ಎಜುಕೇಷನ್ ಆವೃತ್ತಿಗಳಲ್ಲಿ ಈ ನಿರ್ಬಂಧ ವಿಂಡೋಸ್ 10ರ 1709ನೇ ಬಿಡುಗಡೆಯಿಂದಲೇ ಇತ್ತು. ವಿಂಡೋಸ್ 11ರ 24ಎಚ್2 ಬಿಡುಗಡೆಯಲ್ಲಿ ಪ್ರೊ ಆವೃತ್ತಿಗೂ ಬಂತು. ಕೊನೆಗೆ ಬಳಕೆದಾರರ ಎದುರು ಬರುವುದು ‘ನಿಮ್ಮ ಸಂಸ್ಥೆಯ ಭದ್ರತಾ ನೀತಿಯು ಅತಿಥಿ ಪ್ರವೇಶವನ್ನು ತಡೆಯುತ್ತದೆ’ ಎಂಬ ಅರ್ಥದ ಸಂದೇಶ. ಪಾಸ್‌ವರ್ಡ್ ಕೇಳುವ ಪೆಟ್ಟಿಗೆ ಬರುವುದೇ ಇಲ್ಲ.

ಈ ಸಂದೇಶ ಕಂಡ ಹಲವರು ವಿಂಡೋಸ್‌ನ ರಿಜಿಸ್ಟ್ರಿಯಲ್ಲಿ ಅತಿಥಿ ಪ್ರವೇಶಕ್ಕೆ ಅನುಮತಿ ಕೊಡುತ್ತಾರೆ. ಅದು ಎರಡು ಕಾರಣಕ್ಕೆ ತಪ್ಪು: ಸರ್ವರ್‌ನಲ್ಲಿ ಆ ವ್ಯಕ್ತಿಗೆ ಸರಿಯಾದ ಖಾತೆ ಇರುವಾಗ ಅತಿಥಿಯಾಗಿ ಬರಬೇಕಾದ ಅಗತ್ಯವಿಲ್ಲ, ಜೊತೆಗೆ 24ಎಚ್2 ಬಿಡುಗಡೆ ಎಸ್ಎಂಬಿ ಸಹಿಯನ್ನು (ಪ್ರತಿ ಸಂದೇಶ ಅಸಲಿಯೆಂದು ತೋರಿಸುವ ಗುರುತು) ಕಡ್ಡಾಯ ಮಾಡಿದ್ದು, ಅತಿಥಿ ಸಂಪರ್ಕಕ್ಕೆ ಸಹಿ ಹಾಕಲು ಬರುವುದಿಲ್ಲ. ಸರ್ವರ್‌ನಲ್ಲಿ ‘ಮ್ಯಾಪ್ ಟು ಗೆಸ್ಟ್’ನ ಬೆಲೆಯನ್ನು ‘ನೆವರ್’ ಎಂದು ಬದಲಿಸಿದರೆ ಸಾಂಬಾ ಗೊತ್ತಿಲ್ಲದ ಹೆಸರನ್ನು ನಿರಾಕರಿಸುತ್ತದೆ, ಆಗ ವಿಂಡೋಸ್ ತಾನಾಗಿ ಹೆಸರು ಮತ್ತು ಪಾಸ್‌ವರ್ಡ್ ಕೇಳುತ್ತದೆ. ಯಾರಿಗೂ ಪಾಸ್‌ವರ್ಡ್ ಇಲ್ಲದ ಮುಕ್ತ ಹಂಚಿಕೆ ಬೇಕಿಲ್ಲದ ಕಚೇರಿಯಲ್ಲಿ ಈ ಸಾಲನ್ನು ಮೊದಲ ದಿನವೇ ಬದಲಿಸಿಡುವುದು ಒಳ್ಳೆಯದು.

ಇನ್ನೊಂದು ಸಾಮಾನ್ಯ ತೊಡಕು 1219 ಎಂಬ ದೋಷ. ಒಂದೇ ಸರ್ವರ್ ಹೆಸರಿಗೆ ಒಂದೇ ಸಮಯದಲ್ಲಿ ಎರಡು ಬಳಕೆದಾರ ಹೆಸರುಗಳಿಂದ ಸಂಪರ್ಕ ಹೊಂದಲು ವಿಂಡೋಸ್ ಬಿಡುವುದಿಲ್ಲ. ‘ನೆಟ್ ಯೂಸ್’ ಆದೇಶದಿಂದ ಹಳೆಯ ಸಂಪರ್ಕಗಳನ್ನು ನೋಡಿ ಅಳಿಸಿ, ಕ್ರೆಡೆನ್ಷಿಯಲ್ ಮ್ಯಾನೇಜರ್‌ನಲ್ಲಿ ಉಳಿದುಕೊಂಡ ಹಳೆಯ ಪಾಸ್‌ವರ್ಡನ್ನೂ ತೆಗೆಯಬೇಕು. ಹೆಸರಿನಿಂದ ಒಮ್ಮೆ, ಐಪಿ ವಿಳಾಸದಿಂದ ಇನ್ನೊಮ್ಮೆ ತೆರೆದರೆ ವಿಂಡೋಸ್ ಅವನ್ನು ಎರಡು ಸರ್ವರ್‌ಗಳೆಂದೇ ಎಣಿಸುವುದರಿಂದ, ಪರೀಕ್ಷೆಯ ವೇಳೆಗೆ ಅದೂ ಒಂದು ದಾರಿ.

ಅನುಮತಿ: ಹೆಚ್ಚಿನ ದೋಷಗಳು ಇರುವ ಜಾಗ

ಸಾಂಬಾ ಹಂಚಿಕೆಯೊಂದನ್ನು ಬಳಸಲು ಎರಡು ಒಪ್ಪಿಗೆ ಬೇಕು. ಸಂರಚನಾ ಕಡತದ ‘ವ್ಯಾಲಿಡ್ ಯೂಸರ್ಸ್’, ‘ರೀಡ್ ಓನ್ಲಿ’ ಮುಂತಾದ ಸಾಲುಗಳು ಒಪ್ಪಬೇಕು. ಅದರ ಬಳಿಕ ಲಿನಕ್ಸ್ ಕಡತ ವ್ಯವಸ್ಥೆಯೂ ಆ ಬಳಕೆದಾರರಿಗೆ ಒಪ್ಪಿಗೆ ಕೊಡಬೇಕು. ಎರಡರಲ್ಲಿ ಹೆಚ್ಚು ಬಿಗಿಯಾದದ್ದೇ ಕೊನೆಗೆ ನಡೆಯುತ್ತದೆ. ‘ರೀಡ್ ಓನ್ಲಿ’ ಎಂಬುದು ಏನೂ ಬರೆಯದಿದ್ದರೆ ‘ಹೌದು’ ಎಂದೇ ಇರುತ್ತದೆ ಎಂಬುದು ನೆನಪಿರಲಿ.

ಒಳಗಿನ ಕೋಣೆಯ ಕೀಲಿ ಕೈಯಲ್ಲಿದ್ದರೂ ಹೊರಬಾಗಿಲಿಗೆ ಬೀಗ ಬಿದ್ದಿದ್ದರೆ ಕೋಣೆ ಸೇರಲಾಗದು. ಲಿನಕ್ಸ್‌ನ ಫೋಲ್ಡರ್ ಹಾದಿಯೂ ಹಾಗೆಯೇ. ಹಂಚಿಕೆಯ ಫೋಲ್ಡರಿಗೆ ಎಲ್ಲ ಅನುಮತಿ ಇದ್ದರೂ ಅದಕ್ಕಿಂತ ಮೇಲಿರುವ ಯಾವುದೇ ಫೋಲ್ಡರ್‌ನಲ್ಲಿ ‘ಎಕ್ಸ್’ ಅನುಮತಿ ಇಲ್ಲದಿದ್ದರೆ ಒಳಹೋಗಲು ಆಗುವುದಿಲ್ಲ. ‘ನೇಮ್‌ಐ’ ಆದೇಶಕ್ಕೆ ‘ಎಲ್’ ಆಯ್ಕೆ ಮತ್ತು ಪೂರ್ಣ ಹಾದಿಯನ್ನು ಕೊಟ್ಟರೆ ಪ್ರತಿ ಮೆಟ್ಟಿಲಿನ ಅನುಮತಿಯೂ ಒಂದರ ಕೆಳಗೊಂದು ಕಾಣುತ್ತದೆ. ಉಬುಂಟು 21.04ರಿಂದ ಹೊಸ ಬಳಕೆದಾರರ ಹೋಮ್ ಫೋಲ್ಡರ್‌ಗಳು 750 ಅನುಮತಿಯಿಂದ ಸೃಷ್ಟಿಯಾಗುವುದರಿಂದ, ಹಳೆಯ ಪಾಠಗಳನ್ನು ನೋಡಿ ಹೋಮ್ ಫೋಲ್ಡರಿನೊಳಗೆ ಹಂಚಿಕೆ ಮಾಡಿದವರಿಗೆ ಬೇರೆ ಯಾವ ಬಳಕೆದಾರರೂ ಒಳಬರಲಾಗದ ಸ್ಥಿತಿ ಎದುರಾಗುತ್ತದೆ. ಡೆಸ್ಕ್‌ಟಾಪ್ ತಾನಾಗಿ ‘/ಮೀಡಿಯಾ’ ಅಡಿಯಲ್ಲಿ ಮೌಂಟ್ ಮಾಡುವ ಯುಎಸ್‌ಬಿ ಡಿಸ್ಕನ್ನು ಹಂಚಿದರೂ ಇದೇ ಗತಿ. ಹಂಚಿಕೆಯ ಕಡತಗಳಿಗೆ ‘/ಎಸ್ಆರ್‌ವಿ’ ಅಡಿಯಲ್ಲಿ ಪ್ರತ್ಯೇಕ ಜಾಗ ಮಾಡುವುದೇ ಸರಿ.

ಕಚೇರಿಗಳಲ್ಲಿ ಹೆಚ್ಚಾಗಿ ಕೇಳುವ ದೂರು ಇನ್ನೊಂದಿದೆ: ಒಬ್ಬರು ಮಾಡಿದ ಕಡತವನ್ನು ಇನ್ನೊಬ್ಬರು ತೆರೆಯಬಲ್ಲರು, ಆದರೆ ಉಳಿಸಲಾರರು. ಸಾಂಬಾದ ‘ಕ್ರಿಯೇಟ್ ಮಾಸ್ಕ್’ (ಹೊಸ ಕಡತಕ್ಕೆ ಸಿಗಬಹುದಾದ ಅನುಮತಿಯ ಮಿತಿ) ಪೂರ್ವನಿಯೋಜಿತವಾಗಿ 0744, ‘ಡೈರೆಕ್ಟರಿ ಮಾಸ್ಕ್’ 0755. ಅಂದರೆ ಹೊಸ ಕಡತಕ್ಕೆ ಬರೆಯುವ ಹಕ್ಕು ಅದನ್ನು ಮಾಡಿದವರಿಗೆ ಮಾತ್ರ. ಇದನ್ನು ಸರಿಪಡಿಸಲು, ಉದಾಹರಣೆಗೆ ‘ಕಚೇರಿ’ ಎಂಬರ್ಥದ ಒಂದು ಗುಂಪನ್ನು ಮಾಡಿ, ಎಲ್ಲರನ್ನೂ ಅದಕ್ಕೆ ಸೇರಿಸಿ, ಹಂಚಿಕೆಯಲ್ಲಿ ‘ಫೋರ್ಸ್ ಗ್ರೂಪ್’ ಆಗಿ ಅದನ್ನು ಕೊಟ್ಟು, ಕ್ರಿಯೇಟ್ ಮಾಸ್ಕನ್ನು 0660ಕ್ಕೂ ಡೈರೆಕ್ಟರಿ ಮಾಸ್ಕನ್ನು 2770ಕ್ಕೂ ಬದಲಿಸಿ, ಜೊತೆಗೆ ‘ಫೋರ್ಸ್ ಕ್ರಿಯೇಟ್ ಮೋಡ್’ ಅನ್ನು 0660 ಎಂದೂ ‘ಫೋರ್ಸ್ ಡೈರೆಕ್ಟರಿ ಮೋಡ್’ ಅನ್ನು 2770 ಎಂದೂ ಬರೆಯಬೇಕು. ಇವು ಇನ್ನು ಮುಂದೆ ಹುಟ್ಟುವ ಕಡತಗಳಿಗೆ ಮಾತ್ರ ಅನ್ವಯಿಸುತ್ತವೆ. ಈಗಾಗಲೇ ಇರುವುದನ್ನು ‘ಸಿಎಚ್‌ಜಿಆರ್‌ಪಿ’ ಮತ್ತು ‘ಸಿಎಚ್ಮಾಡ್’ ಮೂಲಕ ಒಮ್ಮೆ ಸರಿಪಡಿಸಿಕೊಳ್ಳಬೇಕು. ಗುಂಪಿಗೆ ಹೊಸಬರನ್ನು ಸೇರಿಸುವಾಗ ‘ಯೂಸರ್‌ಮಾಡ್’ಗೆ ದೊಡ್ಡಕ್ಷರದ ‘ಜಿ’ ಜೊತೆಗೆ ಸಣ್ಣಕ್ಷರದ ‘ಎ’ ಆಯ್ಕೆಯನ್ನೂ ಕೊಡಬೇಕು, ಇಲ್ಲದಿದ್ದರೆ ಅವರು ಉಳಿದ ಹೆಚ್ಚುವರಿ ಗುಂಪುಗಳಿಂದ ಹೊರಬೀಳುತ್ತಾರೆ. ಸೇರಿಸಿದ ಬಳಿಕವೂ ಕೆಲಸ ಆಗದಿದ್ದರೆ ಅವರ ವಿಂಡೋಸ್ ಕಂಪ್ಯೂಟರನ್ನು ಒಮ್ಮೆ ರೀಸ್ಟಾರ್ಟ್ ಮಾಡಿಸಬೇಕು. ಸಾಂಬಾ ಗುಂಪುಗಳ ಪಟ್ಟಿಯನ್ನು ಸಂಪರ್ಕ ಶುರುವಾಗುವಾಗ ಮಾತ್ರ ಓದುತ್ತದೆ.

ನೋಟ್‌ಪ್ಯಾಡ್‌ನಲ್ಲಿ ಉಳಿಸಲು ಆಗುತ್ತದೆ, ವರ್ಡ್ ಅಥವಾ ಎಕ್ಸೆಲ್‌ನಲ್ಲಿ ಮಾತ್ರ ಆಗುವುದಿಲ್ಲ ಎಂದರೆ ಕಡತದ ಅನುಮತಿಯ ಬದಲು ಫೋಲ್ಡರಿನ ಅನುಮತಿಯನ್ನು ನೋಡಬೇಕು. ಆ ಎರಡು ತಂತ್ರಾಂಶಗಳು ಉಳಿಸುವಾಗ ಅದೇ ಫೋಲ್ಡರಿನಲ್ಲಿ ತಾತ್ಕಾಲಿಕ ಕಡತವೊಂದನ್ನು ಬರೆದು, ಹಳೆಯದನ್ನು ತೆಗೆದು, ಹೊಸದಕ್ಕೆ ಹಳೆಯ ಹೆಸರನ್ನು ಕೊಡುತ್ತವೆ. ಫೋಲ್ಡರಿಗೆ ಬರೆಯುವ ಅನುಮತಿ ಇಲ್ಲದಿದ್ದರೆ, ಅಥವಾ ಅದರ ಮೇಲೆ ಸ್ಟಿಕಿ ಬಿಟ್ (ಒಬ್ಬರ ಕಡತವನ್ನು ಇನ್ನೊಬ್ಬರು ಅಳಿಸದಂತೆ ತಡೆಯುವ ಗುರುತು) ಇದ್ದು ಕಡತ ಇನ್ನೊಬ್ಬರದಾಗಿದ್ದರೆ, ಈ ಹೆಸರು ಬದಲಿಸುವ ಹಂತದಲ್ಲಿ ಸೋಲುತ್ತವೆ. ‘ಇನ್ನೊಬ್ಬರು ತೆರೆದಿದ್ದಾರೆ’ ಎಂಬ ಸಂದೇಶ ಬಂದರೆ ಮಾತ್ರ ಅದು ಕಡತದ ಬೀಗದ (ಲಾಕ್) ವಿಷಯ. ದೊಡ್ಡಕ್ಷರದ ‘ಎಲ್’ ಆಯ್ಕೆಯೊಂದಿಗೆ ‘ಎಸ್ಎಂಬಿಸ್ಟೇಟಸ್’ ಓಡಿಸಿದರೆ ಯಾವ ಪ್ರಕ್ರಿಯೆ ಯಾವ ಕಡತವನ್ನು ಹಿಡಿದಿದೆ ಎಂದು ತೋರಿಸುತ್ತದೆ.

ಇಷ್ಟೆಲ್ಲದರ ಬದಲು ಇಡೀ ಫೋಲ್ಡರಿಗೆ 777 ಕೊಟ್ಟುಬಿಡುವ ಸಲಹೆ ಎಲ್ಲೆಡೆ ಸಿಗುತ್ತದೆ. ಅದು ದೋಷವನ್ನು ಮುಚ್ಚುತ್ತದೆಯೇ ಹೊರತು ಕಳೆಯುವುದಿಲ್ಲ: ಮಾಸ್ಕ್ ಬದಲಾಗದೆ ಉಳಿಯುವುದರಿಂದ ನಾಳೆ ಹುಟ್ಟುವ ಕಡತ ಮತ್ತೆ 744 ಆಗಿಯೇ ಹುಟ್ಟಿ, ಅದೇ ದೂರು ಮರಳಿ ಬರುತ್ತದೆ.

ಫೆಡೋರಾ, ರೆಡ್ ಹ್ಯಾಟ್, ಆಲ್ಮಾ, ರಾಕಿ ಲಿನಕ್ಸ್‌ಗಳಲ್ಲಿ ಮೂರನೆಯ ಒಪ್ಪಿಗೆಯೂ ಬೇಕು. ಅದು ಲಿನಕ್ಸ್‌ನ ಹೆಚ್ಚುವರಿ ಭದ್ರತಾ ಪದರವಾದ ಎಸ್‌ಇಲಿನಕ್ಸ್‌ನದು. ಅನುಮತಿಗಳೆಲ್ಲ ಸರಿಯಿದ್ದೂ ನಿರಾಕರಣೆ ಬಂದರೆ ‘ಸೆಟ್‌ಎನ್‌ಫೋರ್ಸ್ 0’ ಎಂದು ಒಂದು ನಿಮಿಷ ಸಡಿಲಿಸಿ ನೋಡಬೇಕು. ಆಗ ಕೆಲಸವಾದರೆ ಹಿಂದಿನ ಸ್ಥಿತಿಗೆ ತಂದು, ‘ಸೆಮ್ಯಾನೇಜ್’ ಮೂಲಕ ಆ ಹಾದಿಗೆ ‘ಸಾಂಬಾ_ಶೇರ್_ಟಿ’ ಎಂಬ ಗುರುತನ್ನು ಕೊಟ್ಟು ‘ರೆಸ್ಟೋರ್‌ಕಾನ್’ ಓಡಿಸಬೇಕು. ಎಸ್‌ಇಲಿನಕ್ಸನ್ನು ಶಾಶ್ವತವಾಗಿ ಆರಿಸುವುದು ಪರಿಹಾರವಲ್ಲ.

ಕನ್ನಡದ ಕಡತ ಹೆಸರುಗಳು

ಕೆಲವು ಕಡತಗಳು ಮಾತ್ರ ಸರ್ವರ್‌ಗೆ ನಕಲಾಗದೆ ಉಳಿಯುತ್ತಿದ್ದು, ಅವುಗಳ ಹೆಸರು ಉದ್ದದ ಕನ್ನಡದಲ್ಲಿದ್ದರೆ ಕಾರಣ ಇದು. ವಿಂಡೋಸ್‌ನಲ್ಲಿ ಕಡತದ ಹೆಸರಿನ ಮಿತಿ 255 ಸಂಕೇತಗಳು. ಲಿನಕ್ಸ್‌ನ ಇಎಕ್ಸ್‌ಟಿ4, ಎಕ್ಸ್‌ಎಫ್‌ಎಸ್ ವ್ಯವಸ್ಥೆಗಳಲ್ಲಿ 255 ಬೈಟ್‌ಗಳು. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್ ಬೇಕಾಗುವುದರಿಂದ 85 ಸಂಕೇತಗಳಿಗೇ ಮಿತಿ ಮುಗಿಯುತ್ತದೆ. ‘ಸ್ತ್ರ’ ಎಂಬ ಒಂದೇ ಅಕ್ಷರದಲ್ಲಿ ಎರಡು ಹಲಂತ ಚಿಹ್ನೆಗಳೂ (ಅರ್ಧಾಕ್ಷರ ಮಾಡುವ ಗುರುತು) ಸೇರಿ 5 ಸಂಕೇತಗಳಿವೆ, ಅಂದರೆ 15 ಬೈಟ್. ಸಭೆಯ ನಡಾವಳಿಯ ಪೂರ್ಣ ಶೀರ್ಷಿಕೆಯನ್ನೇ ಹೆಸರಾಗಿ ಇಡುವ ಕಚೇರಿಗಳಲ್ಲಿ ಈ ಮಿತಿ ಸುಲಭವಾಗಿ ಮೀರುತ್ತದೆ. ಇದಕ್ಕೆ ಸಾಂಬಾದಲ್ಲಿ ಯಾವ ಸೆಟ್ಟಿಂಗೂ ಇಲ್ಲ. ಹೆಸರನ್ನು ಚಿಕ್ಕದು ಮಾಡುವುದೊಂದೇ ದಾರಿ. ಒಂದೇ ಹೆಸರಿನ ಎರಡು ಕಡತಗಳು ಒಂದೇ ಫೋಲ್ಡರಿನಲ್ಲಿ ಕಂಡರೆ, ಒಂದರಲ್ಲಿ ಅರ್ಧಾಕ್ಷರವನ್ನು ಬಿಡಿಸಿ ತೋರಿಸಲು ಹಾಕಿದ ಕಾಣದ ಸಂಕೇತ ಇದ್ದು ಇನ್ನೊಂದರಲ್ಲಿ ಇಲ್ಲದಿರುವ ಸಾಧ್ಯತೆಯನ್ನು ಪರಿಶೀಲಿಸಬೇಕು.

ಲಾಗ್ ಓದುವುದು

ಮೇಲಿನ ಯಾವುದರಿಂದಲೂ ಕಾರಣ ತಿಳಿಯದಿದ್ದರೆ ‘ಎಸ್ಎಂಬಿಕಂಟ್ರೋಲ್’ ಮೂಲಕ ಎಸ್ಎಂಬಿಡಿಯ ಲಾಗ್ ಮಟ್ಟವನ್ನು 3ಕ್ಕೆ ಏರಿಸಿ, ದೋಷವನ್ನು ಒಮ್ಮೆ ಮರುಕಳಿಸುವಂತೆ ಮಾಡಿ, ತಕ್ಷಣ 1ಕ್ಕೆ ಇಳಿಸಬೇಕು. ಡೆಬಿಯನ್‌ನಲ್ಲಿ ‘/ವಾರ್/ಲಾಗ್/ಸಾಂಬಾ’ ಅಡಿಯಲ್ಲಿ ಪ್ರತಿ ಕಂಪ್ಯೂಟರಿಗೂ ಬೇರೆ ಲಾಗ್ ಕಡತ ಇರುವುದರಿಂದ ದೂರು ಬಂದ ಕಂಪ್ಯೂಟರಿನದನ್ನಷ್ಟೇ ಓದಿದರೆ ಸಾಕು. 10ನೇ ಮಟ್ಟಕ್ಕೆ ಏರಿಸಬೇಕೆಂಬ ಸಲಹೆ ಸಾಂಬಾದ ಅಭಿವೃದ್ಧಿಕಾರರಿಗೆ ವರದಿ ಕಳಿಸುವವರಿಗೆ ಸರಿ. ನಮ್ಮ ಕೆಲಸಕ್ಕೆ ಅದರಲ್ಲಿ ಬೇಕಾದ ಸಾಲು ಮುಳುಗಿಹೋಗುತ್ತದೆ.

ಪ್ರಿಂಟ್ ಬಾರದಿದ್ದಾಗ

ಪ್ರಿಂಟಿನ ವಿಷಯದಲ್ಲೂ ಮೊದಲ ಪ್ರಶ್ನೆ ಅದೇ: ಸರ್ವರ್‌ನಿಂದ ನೇರವಾಗಿ ಪ್ರಿಂಟ್ ಬರುತ್ತದೆಯೇ? ಕಪ್ಸ್‌ನ ಪರೀಕ್ಷಾ ಪುಟವನ್ನು ಕಳಿಸಿ, ‘ಎಲ್‌ಪಿಸ್ಟ್ಯಾಟ್’ಗೆ ‘ಟಿ’ ಆಯ್ಕೆ ಕೊಟ್ಟು ಸ್ಥಿತಿಯನ್ನು ನೋಡಬೇಕು. ಪ್ರಿಂಟರ್ ‘ಡಿಸೇಬಲ್ಡ್’ ಎಂದು ಕಂಡರೆ, ಕಾರಣ ಬಹುಶಃ ಕಪ್ಸ್‌ನ ದೋಷನೀತಿ. ಪ್ರಿಂಟರ್ ಆರಿರುವಾಗ ಯಾರಾದರೂ ಪ್ರಿಂಟ್ ಕೊಟ್ಟರೆ ಕಪ್ಸ್ ಆ ಪ್ರಿಂಟರಿನ ಸರದಿ ಸಾಲನ್ನೇ (ಕ್ಯೂ) ನಿಲ್ಲಿಸಿಬಿಡಬಹುದು, ಮತ್ತು ಪ್ರಿಂಟರ್ ಹಾಕಿದ ಮೇಲೂ ಅದು ತಾನಾಗಿ ಶುರುವಾಗುವುದಿಲ್ಲ. ‘ಕಪ್ಸ್‌ಎನೇಬಲ್’ ಅದನ್ನು ಎಬ್ಬಿಸುತ್ತದೆ. ‘ಎಲ್‌ಪಿಅಡ್ಮಿನ್’ ಮೂಲಕ ದೋಷನೀತಿಯನ್ನು ‘ರಿಟ್ರೈ-ಜಾಬ್’ ಎಂದು ಬದಲಿಸಿದರೆ ಮತ್ತೆ ಮತ್ತೆ ಎಬ್ಬಿಸಬೇಕಾದ ಕೆಲಸ ತಪ್ಪುತ್ತದೆ. ನೆಟ್‌ವರ್ಕ್ ಪ್ರಿಂಟರ್ ಆಗಿದ್ದರೆ ಕರೆಂಟು ಹೋಗಿ ಬಂದ ಮೇಲೆ ರೂಟರ್ ಅದಕ್ಕೆ ಬೇರೆ ಐಪಿ ವಿಳಾಸ ಕೊಟ್ಟಿದೆಯೇ ಎಂದು ನೋಡಬೇಕು; ರೂಟರ್‌ನಲ್ಲಿ ಆ ಪ್ರಿಂಟರಿಗೆ ವಿಳಾಸವನ್ನು ಕಾಯ್ದಿರಿಸುವುದು ಇದಕ್ಕೆ ಪರಿಹಾರ.

ನಮ್ಮ ಕಚೇರಿಗಳಲ್ಲಿ ಇನ್ನೂ ಕಾಣಸಿಗುವ ಎಚ್‌ಪಿ ಲೇಸರ್‌ಜೆಟ್ 1020ರ ಪ್ರಸಂಗ ಬೇರೆ. ಅದರ ಫರ್ಮ್‌ವೇರ್ (ಯಂತ್ರವನ್ನು ನಡೆಸುವ ಒಳತಂತ್ರಾಂಶ) ಪ್ರಿಂಟರಿನೊಳಗೆ ಉಳಿಯುವುದಿಲ್ಲ. ಪ್ರತಿ ಸಲ ಹಾಕಿದಾಗಲೂ ಕಂಪ್ಯೂಟರ್ ಅದನ್ನು ಕಳಿಸಿಕೊಡಬೇಕು. ಲಿನಕ್ಸ್‌ನಲ್ಲಿ ಆ ಕೆಲಸಕ್ಕೆ ಎಚ್‌ಪಿಎಲ್‌ಐಪಿ (ಎಚ್‌ಪಿಯ ಲಿನಕ್ಸ್ ಡ್ರೈವರ್ ತಂತ್ರಾಂಶ) ಜೊತೆಗೆ ಪ್ರತ್ಯೇಕ ಪ್ಲಗಿನ್ ಬೇಕಾಗಿದ್ದು, ಎರಡರ ಆವೃತ್ತಿಯೂ ಹೊಂದಿಕೊಂಡಿರಬೇಕು. ವ್ಯವಸ್ಥೆಯ ಅಪ್‌ಡೇಟ್ ಎಚ್‌ಪಿಎಲ್‌ಐಪಿಯನ್ನು ಮಾತ್ರ ಏರಿಸಿದಾಗ ಪ್ರಿಂಟರ್ ಏನೂ ಹೇಳದೆ ಸುಮ್ಮನಾಗುತ್ತದೆ. ‘ಎಚ್‌ಪಿ-ಪ್ಲಗಿನ್’ ಆದೇಶವನ್ನು ಮತ್ತೊಮ್ಮೆ ಓಡಿಸಿದರೆ ಸರಿಹೋಗುತ್ತದೆ.

ಸರ್ವರ್‌ನಿಂದ ಪ್ರಿಂಟ್ ಬಂದು ವಿಂಡೋಸ್‌ನಿಂದ ಬಾರದಿದ್ದರೆ ಮುಂದಿನ ಹುಡುಕಾಟ ಸಾಂಬಾ ಮತ್ತು ವಿಂಡೋಸ್‌ನ ನಡುವೆ. ಸಾಂಬಾದ ಸ್ಪೂಲ್ ಫೋಲ್ಡರ್ (ಪ್ರಿಂಟ್ ಆಗಬೇಕಾದ ಕೆಲಸಗಳು ಕಾಯುವ ಜಾಗ) ಇದೆಯೇ, ಅದಕ್ಕೆ 1777 ಅನುಮತಿ ಇದೆಯೇ ಎಂಬುದನ್ನು ನೋಡಬೇಕು. ಹೊಸದಾಗಿ ಸೇರಿಸಿದ ಪ್ರಿಂಟರ್ ಕಾಣದಿದ್ದರೆ ಸ್ವಲ್ಪ ಕಾಯಬೇಕು, ಏಕೆಂದರೆ ಸಾಂಬಾ ಕಪ್ಸ್‌ನ ಪಟ್ಟಿಯನ್ನು 750 ಸೆಕೆಂಡಿಗೊಮ್ಮೆ ಮಾತ್ರ ಓದುತ್ತದೆ. ಪುಟಗಟ್ಟಲೆ ಅರ್ಥವಿಲ್ಲದ ಚಿಹ್ನೆಗಳು ಬರುತ್ತಿದ್ದರೆ, ವಿಂಡೋಸ್ ಡ್ರೈವರ್ ಕಳಿಸುತ್ತಿರುವ ಭಾಷೆ ಪ್ರಿಂಟರಿಗೆ ಅರ್ಥವಾಗುತ್ತಿಲ್ಲ ಎಂದರ್ಥ. ಡ್ರೈವರ್‌ನ ಮಾದರಿಯನ್ನು ಪರಿಶೀಲಿಸಬೇಕು.

ಆದರೆ ಈಗ ಸಾಂಬಾ ಮೂಲಕ ಪ್ರಿಂಟರ್ ಹಂಚುವುದರಲ್ಲಿ ಪ್ರಯೋಜನಕ್ಕಿಂತ ಪಾಡೇ ಹೆಚ್ಚು ಎಂಬುದು ನನ್ನ ಅಭಿಪ್ರಾಯ. 2021ರ ಜುಲೈನಲ್ಲಿ ವಿಂಡೋಸ್ ಪ್ರಿಂಟ್ ಸೇವೆಯ ಪ್ರಿಂಟ್‌ನೈಟ್‌ಮೇರ್ ಎಂಬ ಭದ್ರತಾ ದೋಷ ಬಯಲಾದ ಮೇಲೆ ವಿಂಡೋಸ್ ಪ್ರಿಂಟ್ ಹಂಚಿಕೆಯ ನಿಯಮಗಳನ್ನು ಹಂತ ಹಂತವಾಗಿ ಬಿಗಿಗೊಳಿಸಿತು. ಡ್ರೈವರ್ ಹಾಕಲು ಆಡಳಿತಾಧಿಕಾರ ಬೇಕಾಯಿತು. ಅದೇ ಸೆಪ್ಟೆಂಬರ್‌ನ ಅಪ್‌ಡೇಟ್ ಬಳಿಕ 0x0000011b ದೋಷ ವ್ಯಾಪಕವಾಯಿತು. ವಿಂಡೋಸ್ 11ರ 22ಎಚ್2 ಬಿಡುಗಡೆ ಪ್ರಿಂಟ್ ಸಂವಹನಕ್ಕೆ ನೇಮ್ಡ್ ಪೈಪ್ (ಎಸ್ಎಂಬಿಯೊಳಗಿನ ಸಂವಹನ ಮಾರ್ಗ) ಬದಲು ನೇರ ಟಿಸಿಪಿಯನ್ನು ಬಳಸತೊಡಗಿದಾಗ ಸಾಂಬಾ ಪ್ರಿಂಟರ್‌ಗಳ ಸಂಪರ್ಕ ಕಡಿಯಿತು. ಗ್ರೂಪ್ ಪಾಲಿಸಿಯಲ್ಲಿ ನೇಮ್ಡ್ ಪೈಪ್‌ಗೆ ಮರಳುವ ಆಯ್ಕೆ ಇದೆಯಾದರೂ ಅದನ್ನು ಪ್ರತಿ ಕಂಪ್ಯೂಟರ್‌ನಲ್ಲೂ ಮಾಡಬೇಕು.

ಅದಕ್ಕಿಂತ ಸುಲಭವಾದದ್ದು ಸಾಂಬಾವನ್ನು ದಾಟಿ, ವಿಂಡೋಸ್ ನೇರವಾಗಿ ಕಪ್ಸ್ ಜೊತೆ ಐಪಿಪಿ ಎಂಬ ಪ್ರಿಂಟ್ ನಿಯಮಾವಳಿಯ ಮೂಲಕ ಮಾತಾಡುವಂತೆ ಮಾಡುವುದು. ‘ಕಪ್ಸ್‌ಸಿಟಿಎಲ್’ ಆದೇಶದಿಂದ ಹಂಚಿಕೆಯನ್ನು ಸಕ್ರಿಯಗೊಳಿಸಿ, ಟಿಸಿಪಿ 631ನೇ ಪೋರ್ಟನ್ನು ಸ್ಥಳೀಯ ಜಾಲಕ್ಕೆ ಮಾತ್ರ ತೆರೆದು, ವಿಂಡೋಸ್‌ನಲ್ಲಿ ಪ್ರಿಂಟರ್ ಸೇರಿಸುವಾಗ ಹೆಸರಿನಿಂದ ಆರಿಸುವ ಆಯ್ಕೆಯಲ್ಲಿ ‘ಎಚ್‌ಟಿಟಿಪಿ’ಯಿಂದ ಶುರುವಾಗಿ ಸರ್ವರ್ ವಿಳಾಸ, 631, ‘ಪ್ರಿಂಟರ್ಸ್’ ಮತ್ತು ಕಪ್ಸ್‌ನಲ್ಲಿರುವ ಪ್ರಿಂಟರ್ ಹೆಸರು ಇರುವ ಹಾದಿಯನ್ನು ಕೊಡಬೇಕು. ಐಪಿ ವಿಳಾಸದಿಂದ ಸಂಪರ್ಕವಾಗಿ, ಸರ್ವರ್ ಹೆಸರಿನಿಂದ ಹೋದಾಗ ಮಾತ್ರ ‘ಬ್ಯಾಡ್ ರಿಕ್ವೆಸ್ಟ್’ ಬಂದರೆ ‘ಕಪ್ಸ್‌ಡಿ.ಕಾನ್ಫ್’ನಲ್ಲಿ ‘ಸರ್ವರ್‌ಅಲಿಯಾಸ್’ ಸಾಲಿಗೆ ಆ ಹೆಸರನ್ನು ಸೇರಿಸಬೇಕು. ಯುಡಿಪಿ 631 ತೆರೆಯುವ ಅಗತ್ಯವಿಲ್ಲ. 2024ರ ಸೆಪ್ಟೆಂಬರ್‌ನಲ್ಲಿ ಬಹಿರಂಗವಾದ ‘ಕಪ್ಸ್-ಬ್ರೌಸ್ಡ್’ (ಜಾಲದ ಪ್ರಿಂಟರ್‌ಗಳನ್ನು ತಾನಾಗಿ ಹುಡುಕುವ ಸೇವೆ) ದೋಷ ಆ ಪೋರ್ಟಿನದೇ. ಆ ಸೇವೆ ಬೇಕಿಲ್ಲದ ಸರ್ವರ್‌ನಲ್ಲಿ ಅದನ್ನು ನಿಲ್ಲಿಸಿಡಬೇಕು.

ಎಲ್ಲವೂ ಸರಿಯಿದ್ದು, ಕೆಲಸ ಪ್ರಿಂಟರ್‌ವರೆಗೆ ತಲುಪಿ, ಅಲ್ಲಿ ದೀಪ ಮಿನುಗುತ್ತಾ ನಿಂತರೆ ಕಾಗದದ ಅಳತೆಯನ್ನು ನೋಡಬೇಕು. ಟ್ರೇಯಲ್ಲಿರುವುದು ಎ4, ಕಪ್ಸ್‌ನ ಕ್ಯೂನಲ್ಲಿ ಬರೆದಿರುವುದು ಅಮೆರಿಕದ ಲೆಟರ್ ಅಳತೆ ಎಂದಾದರೆ ಹಲವು ಪ್ರಿಂಟರ್‌ಗಳು ಆ ಕಾಗದಕ್ಕಾಗಿ ಕಾಯುತ್ತಾ ಕುಳಿತುಬಿಡುತ್ತವೆ. ಡೆಬಿಯನ್‌ನಲ್ಲಿ ‘/ಇಟಿಸಿ/ಪೇಪರ್‌ಸೈಜ್’ ಕಡತದಲ್ಲಿ ಎ4 ಎಂದು ಬರೆದು, ಈಗಾಗಲೇ ಇರುವ ಪ್ರಿಂಟರ್‌ನ ಪೂರ್ವನಿಯೋಜಿತ ಅಳತೆಯನ್ನು ‘ಎಲ್‌ಪಿಅಡ್ಮಿನ್’ ಮೂಲಕ ಬೇರೆಯಾಗಿ ಬದಲಿಸಬೇಕು. ಕಡತದ ಬದಲಾವಣೆ ಹೊಸದಾಗಿ ಸೇರಿಸುವ ಪ್ರಿಂಟರ್‌ಗಳಿಗಷ್ಟೇ ತಲುಪುತ್ತದೆ.